ನಾಲ್ಕು ಸಾವಿರಕ್ಕೆ ಕೇಳಿದವರು

ಸಕಲೇಶಪುರದ ಕಡೆಯ ಒಬ್ಬ ಕಾಫಿ ಬೆಳೆಗಾರರು ಆರು ವರ್ಷದ ಹಿಂದೆ ನನಗೆ ಎರಡು ಸಾಲಿನ ಮೇಲ್ ಬರೆದಿದ್ದರು. ನಾನು ನೋಂದಾಯಿಸಿಟ್ಟುಕೊಂಡಿದ್ದ ಒಂದು ಡಾಟ್ ಕಾಮ್ ಹೆಸರು ಅವರಿಗೆ ಬೇಕಿತ್ತು. ಕಾಫಿಗೆ ಸಂಬಂಧಪಟ್ಟದ್ದು, ಎರಡೇ ಪದ, ಒಮ್ಮೆ ಕೇಳಿದರೆ ನೆನಪಿನಲ್ಲಿ ಉಳಿಯುವಂಥದ್ದು. ‘ನಮ್ಮ ತೋಟದ ಪುಡಿಯನ್ನು ನಾವೇ ಮಾರಬೇಕೆಂದಿದ್ದೇವೆ. 4,000 ರೂಪಾಯಿಗೆ ಕೊಡ್ತೀರಾ ಸರ್?’ ಎಂದು ಕೇಳಿದ್ದರು. ನನಗೆ ಮೈ ಉರಿಯಿತು. ಮೂರು ಲಕ್ಷಕ್ಕೆ ಒಂದು ರೂಪಾಯಿ ಕಡಿಮೆಯಿಲ್ಲ, ನಿಜವಾಗಿ ಕೊಳ್ಳುವ ಮನಸ್ಸಿದ್ದರೆ ಮಾತ್ರ ಬರೆಯಿರಿ ಎಂದು ಕೂತಲ್ಲೇ ಉತ್ತರ ಕಳಿಸಿದೆ. ಅವರು ಮತ್ತೆ ಬರೆಯಲಿಲ್ಲ.

ಮರುವರ್ಷ ಹಾಸನದ ಅಂಗಡಿಯೊಂದರಲ್ಲಿ ಒಂದು ಕಾಫಿಪುಡಿ ಪೊಟ್ಟಣ ಕಣ್ಣಿಗೆ ಬಿತ್ತು. ಹಿಂಬದಿಯಲ್ಲಿ ಆ ಮೇಲ್‌ನ ಕೆಳಗಿದ್ದ ಎಸ್ಟೇಟ್‌ನದೇ ಹೆಸರು. ಜಾಲತಾಣದ ವಿಳಾಸ ಮಾತ್ರ ಬೇರೆ. ನನ್ನದಕ್ಕಿಂತ ಉದ್ದ, ಕೊನೆಯಲ್ಲಿ ಡಾಟ್ ಇನ್. ಪೊಟ್ಟಣ ಬಹಳ ಚೆನ್ನಾಗಿತ್ತು. ಅವರಿಗೆ ನಾನು ಬೇಕಾಗಲೇ ಇಲ್ಲ. ಆ ಡಾಟ್ ಕಾಮ್‌ಗೆ ವರ್ಷವರ್ಷವೂ ನವೀಕರಣ ಶುಲ್ಕ ಕಟ್ಟುತ್ತಿರುವವನು ನಾನು.

ಡೊಮೇನ್ ಹೆಸರುಗಳನ್ನು ಕೊಂಡಿಟ್ಟು ಮಾರುವುದು ಒಂದು ಕಸುಬು ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಮೊದಲ ಡಾಟ್ ಕಾಮ್ ಹೆಸರು ನೋಂದಣಿಯಾದದ್ದು 1985ರ ಮಾರ್ಚ್ 15ರಂದು, ಸಿಂಬಾಲಿಕ್ಸ್ ಎಂಬ ಅಮೆರಿಕದ ಕಂಪ್ಯೂಟರ್ ಕಂಪನಿಯ ಹೆಸರಿನಲ್ಲಿ. ಆಮೇಲೆ ಹತ್ತು ವರ್ಷ ಯಾರು ಬೇಕಾದರೂ ದುಡ್ಡಿಲ್ಲದೆ ಹೆಸರು ಪಡೆಯಬಹುದಿತ್ತು. 1995ರ ಸೆಪ್ಟೆಂಬರ್‌ನಲ್ಲಿ ಎರಡು ವರ್ಷಕ್ಕೆ 100 ಡಾಲರ್ ಶುಲ್ಕ ಬಂತು. ಈಗ ಡಾಟ್ ಕಾಮ್ ಹೆಸರುಗಳೇ 15 ಕೋಟಿ ದಾಟಿವೆ. ಒಂದು ಹೆಸರು ಒಬ್ಬರ ಬಳಿ ಮಾತ್ರ ಇರಲು ಸಾಧ್ಯ. ಆದ್ದರಿಂದ ಒಳ್ಳೆಯ ಹೆಸರು ಬೇಕಾದವರು ಮೂಲೆ ಸೈಟು ಹುಡುಕುವವರಂತೆ ಈಗಿರುವ ಮಾಲೀಕರನ್ನೇ ಹುಡುಕಿಕೊಂಡು ಬರಬೇಕು. ಬಿಸಿನೆಸ್ ಡಾಟ್ ಕಾಮ್ 1997ರಲ್ಲಿ ಒಂದೂವರೆ ಲಕ್ಷ ಡಾಲರಿಗೆ ಕೈಬದಲಾಗಿ, ಎರಡೇ ವರ್ಷದಲ್ಲಿ 75 ಲಕ್ಷ ಡಾಲರಿಗೆ ಮತ್ತೆ ಮಾರಾಟವಾಯಿತು. ಇಂಥ ಸುದ್ದಿ ಓದಿಯೇ ನಾವೆಲ್ಲ ಈ ಕಸುಬಿಗೆ ಬಂದವರು. ಇಂಥ ಸುದ್ದಿಯೇ ನಮ್ಮ ತಲೆಯನ್ನು ಕೆಡಿಸುವುದೂ ಹೌದು. ಸಕಲೇಶಪುರದ ಮೇಲ್ ಓದುವಾಗ ನನ್ನ ತಲೆಯಲ್ಲಿದ್ದದ್ದು ಬಿಸಿನೆಸ್ ಡಾಟ್ ಕಾಮ್. ಆ ಬೆಳೆಗಾರರ ತಲೆಯಲ್ಲಿದ್ದದ್ದು ಹೊಸ ಹೆಸರೊಂದಕ್ಕೆ ರಿಜಿಸ್ಟ್ರಾರ್, ಅಂದರೆ ಹೆಸರು ನೋಂದಾಯಿಸಿಕೊಡುವ ಕಂಪನಿ, ಕೇಳುವ ಸಾವಿರ ಚಿಲ್ಲರೆ ರೂಪಾಯಿ.

ಅವರ ಲೆಕ್ಕದಲ್ಲಿ ಅವರು ನನಗೆ ಮೂರು ಪಟ್ಟು ಲಾಭ ಕೊಡಲು ಬಂದಿದ್ದರು. ಈ ಮಾತು ಹೊಳೆಯಲು ನನಗೆ ವರ್ಷಗಳೇ ಹಿಡಿದವು. ಮಾರುವವನ ಲೆಕ್ಕ ಬೇರೆ. ನೂರು ಹೆಸರು ಇಟ್ಟುಕೊಂಡವನಿಗೆ ವರ್ಷಕ್ಕೆ ಲಕ್ಷ ರೂಪಾಯಿಗೆ ಮೇಲ್ಪಟ್ಟು ನವೀಕರಣದ ಖರ್ಚಿದೆ. ನೂರರಲ್ಲಿ ವರ್ಷಕ್ಕೆ ಒಂದೋ ಎರಡೋ ಮಾರಿದರೆ ಸರಿ ಎಂಬುದು ಕಸುಬಿನವರು ಸಾಮಾನ್ಯವಾಗಿ ಹೇಳುವ ಅಂದಾಜು. ಮಾರಿದ ಆ ಒಂದೆರಡು, ಮಾರದೆ ಉಳಿದ ತೊಂಬತ್ತೆಂಟರ ಖರ್ಚನ್ನೂ ಹೊರಬೇಕು. 4,000ಕ್ಕೆ ಕೊಟ್ಟರೆ ಅಂಗಡಿ ಮುಚ್ಚಬೇಕಾಗುತ್ತದೆ. ಎರಡು ಲೆಕ್ಕವೂ ಸರಿಯೇ. ಆದರೆ ನನ್ನ ತೊಂಬತ್ತೆಂಟು ಹೆಸರುಗಳ ಭಾರ ಕೊಳ್ಳುವವರಿಗೆ ಸಂಬಂಧಪಟ್ಟದ್ದಲ್ಲ; ಅದನ್ನು ಹೇಳಿ ಬೆಲೆಯನ್ನು ಸಮರ್ಥಿಸಲು ಹೋದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಈ ಹೆಸರಿನಿಂದ ಅವರ ವ್ಯಾಪಾರಕ್ಕೆ ಏನಾಗುತ್ತದೆ ಎಂಬುದೊಂದೇ ಅವರೊಡನೆ ಆಡಬಹುದಾದ ಮಾತು. ಫೋನಿನಲ್ಲಿ ಹೇಳಿದರೆ ಗಿರಾಕಿ ತಪ್ಪಿಲ್ಲದೆ ಬರೆದುಕೊಳ್ಳುತ್ತಾನೆಯೇ? ಡಾಟ್ ಇನ್ ಎಂದದ್ದನ್ನು ಮರೆತು ಡಾಟ್ ಕಾಮ್ ಎಂದು ಒತ್ತಿ ಇನ್ನೆಲ್ಲಿಗೋ ಹೋಗುತ್ತಾನೆಯೇ? ಆರು ವರ್ಷದ ಹಿಂದೆ ನಾನು ಇದರಲ್ಲಿ ಒಂದು ಪದವನ್ನೂ ಬರೆದಿರಲಿಲ್ಲ. ಬರೀ ಸಿಟ್ಟನ್ನು ಬರೆದಿದ್ದೆ.

ಕಡಿಮೆ ಬೆಲೆ ಕೇಳಿಸಿಕೊಂಡಾಗ ಬರುವ ಸಿಟ್ಟು ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಈ ಕಸುಬಿನಲ್ಲಿ ಒಂದು ಹಳೆಯ ಪ್ರಸಂಗವಿದೆ. ಕೆನಡಾದ ವಿಕ್ಟೋರಿಯಾ ನಗರದ ಮೈಕ್ ರೋ ಎಂಬ 17 ವರ್ಷದ ಹುಡುಗ 2003ರ ಆಗಸ್ಟ್‌ನಲ್ಲಿ ತನ್ನ ಹೆಸರಿಗೆ ‘ಸಾಫ್ಟ್’ ಸೇರಿಸಿ ಮೈಕ್‌ರೋಸಾಫ್ಟ್ ಡಾಟ್ ಕಾಮ್ ಎಂದು ನೋಂದಾಯಿಸಿಕೊಂಡ. ಶಾಲೆಯ ಜೊತೆಗೆ ಜಾಲತಾಣಗಳನ್ನು ಮಾಡಿಕೊಡುವ ಚಿಕ್ಕ ಕೆಲಸ ಅವನದು. ಅಕ್ಷರ ಬೇರೆ, ಆದರೆ ಬಾಯಲ್ಲಿ ಹೇಳಿದರೆ ಮೈಕ್ರೋಸಾಫ್ಟ್. ಆ ಕಂಪನಿಯ ವಕೀಲರು ನವೆಂಬರ್‌ನಲ್ಲಿ ಹೆಸರು ಬಿಟ್ಟುಕೊಡುವಂತೆ ಬರೆದರು. ಹುಡುಗ ಪರಿಹಾರ ಕೇಳಿದ. ಅವರು 10 ಡಾಲರ್ ಕೊಡುತ್ತೇವೆ ಎಂದರು. ರೇಗಿದ ಹುಡುಗ 10,000 ಡಾಲರ್ ಕೇಳಿದ. ಅದಕ್ಕೆ ಉತ್ತರವಾಗಿ ಬಂದದ್ದು 25 ಪುಟಗಳ ಕಾನೂನು ನೋಟಿಸು. ದುಡ್ಡಿನಾಸೆಗೆ ಹೆಸರು ಹಿಡಿದಿಟ್ಟುಕೊಂಡಿದ್ದಾನೆ ಎಂಬ ಆರೋಪಕ್ಕೆ ಅವನು ಕೇಳಿದ ಆ ಅಂಕಿಯೇ ಆಧಾರವಾಗಿತ್ತು. 10 ಡಾಲರ್ ಎಂದದ್ದು ಸಿಟ್ಟು ತರಿಸಿತು, ಅದಕ್ಕೇ ಹಾಗೆ ಕೇಳಿದೆ ಎಂದು ಅವನು ಆಮೇಲೆ ಹೇಳಿಕೊಂಡ.

ಈ ಕಥೆಯನ್ನು ದೈತ್ಯ ಕಂಪನಿಯ ಜಿಪುಣತನದ ಕಥೆಯಾಗಿ ಹೇಳುವುದು ರೂಢಿ. ನನಗೆ ಹಾಗನಿಸುವುದಿಲ್ಲ. ಆ ಹತ್ತು ಡಾಲರು ನೋಂದಣಿಗೆ ಅವನ ಕೈಯಿಂದ ಖರ್ಚಾದ ಮೊತ್ತ. ಜಾಗತಿಕ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 1999ರಲ್ಲಿ ತಂದ ಯುಡಿಆರ್‌ಪಿ ಎಂಬ ವಿವಾದ ನೀತಿಯಲ್ಲಿ ಒಂದು ಮಾತಿದೆ: ಟ್ರೇಡ್‌ಮಾರ್ಕ್ ಒಡೆಯರಿಗೇ ಅಥವಾ ಅವರ ಪ್ರತಿಸ್ಪರ್ಧಿಗೇ, ತನಗೆ ನಿಜವಾಗಿ ತಗುಲಿದ ಖರ್ಚಿಗಿಂತ ಹೆಚ್ಚಿಗೆ ಮಾರುವ ಉದ್ದೇಶದಿಂದ ಹೆಸರು ನೋಂದಾಯಿಸಿದ್ದರೆ ಅದು ದುರುದ್ದೇಶದ ಗುರುತು. ಇದನ್ನು ಪಕ್ಕದಲ್ಲಿಟ್ಟು ಓದಿದರೆ ಆ 10 ಡಾಲರು ಬೇರೆಯಾಗಿಯೇ ಕಾಣುತ್ತದೆ. ಅದು ಬೆಲೆಯಾಗಿರಲಿಲ್ಲ, ಕಾನೂನಿನ ಭಾಷೆಯಾಗಿತ್ತು. ಹುಡುಗ ಅದನ್ನು ಬೆಲೆ ಎಂದುಕೊಂಡು ಚೌಕಾಸಿಗೆ ಇಳಿದ. ಸುದ್ದಿ ಹರಡಿ ಜನ ಅವನ ಪರ ನಿಂತರು. 2004ರ ಜನವರಿ ಕೊನೆಯಲ್ಲಿ ರಾಜಿಯಾಯಿತು. ಅವನ ಖರ್ಚು ಬಂತು, ತರಬೇತಿ ಸಿಕ್ಕಿತು, ರೆಡ್ಮಂಡ್‌ನ ಕಂಪನಿ ಕಚೇರಿಗೆ ಆಹ್ವಾನ ಬಂತು, ಆಟದ ಪೆಟ್ಟಿಗೆ ಎಕ್ಸ್‌ಬಾಕ್ಸೂ ಬಂತು. ಹೆಸರು ಕಂಪನಿಗೆ ಹೋಯಿತು.

ಯುಡಿಆರ್‌ಪಿ ಅಡಿಯಲ್ಲಿ ತೀರ್ಮಾನವಾದ ಮೊಟ್ಟಮೊದಲ ಪ್ರಕರಣವೂ ಇಂಥದೇ. ವರ್ಲ್ಡ್ ರೆಸ್ಲಿಂಗ್ ಫೆಡರೇಷನ್ ಹೆಸರಿನ ಡಾಟ್ ಕಾಮ್ ನೋಂದಾಯಿಸಿದವನು ಮೂರೇ ದಿನದಲ್ಲಿ ಅದನ್ನು ಆ ಸಂಸ್ಥೆಗೇ 1,000 ಡಾಲರಿಗೆ ಮಾರಲು ಹೊರಟಿದ್ದ. 2000ದ ಜನವರಿಯಲ್ಲಿ ಹೆಸರು ಅವನ ಕೈತಪ್ಪಿತು. ಸಾವಿರ ಡಾಲರು ದೊಡ್ಡ ಮೊತ್ತವೇನಲ್ಲ. ಅಲ್ಲಿ ಮೊತ್ತದ ಪ್ರಶ್ನೆಯೇ ಇರಲಿಲ್ಲ.

ನಮ್ಮ ದೇಶದಲ್ಲಿ ಈ ಕುರಿತ ದೊಡ್ಡ ತೀರ್ಪು ಶುರುವಾದದ್ದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ. ಸತ್ಯಂ ಇನ್ಫೋವೇ ಕಂಪನಿಯ ‘ಸಿಫಿ’ ಹೆಸರಿಗೂ ಇನ್ನೊಂದು ಸಂಸ್ಥೆಯ ‘ಸಿಫ್ಫಿನೆಟ್’ ಹೆಸರಿಗೂ ಇದ್ದ ಹೋಲಿಕೆ ವ್ಯಾಜ್ಯದ ಮೂಲ. ಕೆಳಗಿನ ಕೋರ್ಟು ತಡೆಯಾಜ್ಞೆ ಕೊಟ್ಟಿತು, ಕರ್ನಾಟಕ ಹೈಕೋರ್ಟು ಅದನ್ನು ತೆಗೆಯಿತು, 2004ರ ಮೇನಲ್ಲಿ ಸುಪ್ರೀಂ ಕೋರ್ಟು ಮತ್ತೆ ಎತ್ತಿಹಿಡಿಯಿತು. ಡೊಮೇನ್ ಹೆಸರು ಬರೀ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು. ಟ್ರೇಡ್‌ಮಾರ್ಕಿಗೆ ಸಿಗುವ ರಕ್ಷಣೆ ಅದಕ್ಕೂ ಸಿಗಬೇಕು ಎಂಬುದು ಆ ತೀರ್ಪಿನ ಸಾರ. ಡಾಟ್ ಇನ್ ಹೆಸರುಗಳಿಗೂ ಯುಡಿಆರ್‌ಪಿಯಂಥದೇ ನೀತಿ ಇದೆ. ಇಷ್ಟಿದ್ದೂ 2024ರ ಅಕ್ಟೋಬರ್‌ನಲ್ಲಿ ದೆಹಲಿಯ ಡೆವಲಪರ್ ಒಬ್ಬರು, ಎರಡು ದೊಡ್ಡ ಸೇವೆಗಳು ಒಂದಾಗಬಹುದೆಂದು ಊಹಿಸಿ ಮೊದಲೇ ನೋಂದಾಯಿಸಿದ್ದ ಜಿಯೋಹಾಟ್‌ಸ್ಟಾರ್ ಡಾಟ್ ಕಾಮ್‌ಗೆ ಪ್ರತಿಯಾಗಿ ಕೇಂಬ್ರಿಜ್‌ನಲ್ಲಿ ತಮ್ಮ ಓದಿನ ಖರ್ಚು, ಸುಮಾರು ಒಂದು ಕೋಟಿ ರೂಪಾಯಿ, ಕೇಳಿದರು. ರಿಲಯನ್ಸ್ ಒಪ್ಪಲಿಲ್ಲ. ಹೆಸರು ದುಬೈನ ಇಬ್ಬರು ಮಕ್ಕಳ ಕೈಗೆ ಹೋಯಿತು. ಅವರು ಅದನ್ನು ಕಂಪನಿಗೆ ಸುಮ್ಮನೇ ಕೊಡುವುದಾಗಿ ಹೇಳಿದರು. ಆ ಡೆವಲಪರ್‌ರ ಆಸೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಇನ್ನೊಬ್ಬರ ಗುರುತಿನ ಮೇಲೆ ನಿಂತ ಹೆಸರನ್ನು ಮಾರಲು ಕೂತಾಗ ಎಷ್ಟು ಕೇಳಿದರೂ ತಪ್ಪು ಬೆಲೆಯೇ. ಅಂಥ ಹೆಸರು ಇಟ್ಟುಕೊಂಡವರಿಗೆ ನಾನು ಕೊಡುವ ಸಲಹೆ ಒಂದೇ: ಬಿಟ್ಟುಬಿಡಿ.

ನನ್ನ ಕಾಫಿ ಹೆಸರು ಅಂಥದಲ್ಲ. ಸಾಮಾನ್ಯ ಪದಗಳು, ಯಾರ ಮಾರ್ಕೂ ಅಲ್ಲ. ಹೀಗೆ ಹಕ್ಕು ಸ್ವಚ್ಛವಾಗಿರುವ ಹೆಸರಿಗೆ ಕಡಿಮೆ ಬೆಲೆ ಬಂದಾಗ ಮೊದಲು ಮಾಡಬೇಕಾದದ್ದು ಆ ದಿನ ಉತ್ತರಿಸದೇ ಇರುವುದು. ಮರುದಿನ ಉತ್ತರಿಸಬೇಕು, ಅದನ್ನು ಮೀರಿ ತಡಮಾಡಬಾರದು. ನಡುವಿನ ರಾತ್ರಿ ಸಿಟ್ಟು ಇಳಿಯುವುದಕ್ಕೆ, ಮತ್ತು ಬರೆದವರು ಯಾರೆಂದು ನೋಡುವುದಕ್ಕೆ.

‘ನಾನೊಬ್ಬ ವಿದ್ಯಾರ್ಥಿ, ಕಾಲೇಜು ಪ್ರಾಜೆಕ್ಟಿಗೆ ಬೇಕಿತ್ತು, 50 ಡಾಲರ್ ಕೊಡಬಲ್ಲೆ’ ಎಂಬ ಮೇಲ್ ಈ ಕಸುಬಿನ ಎಲ್ಲರಿಗೂ ಬಂದಿರುತ್ತದೆ. ಕೆಲವರು ನಿಜಕ್ಕೂ ವಿದ್ಯಾರ್ಥಿಗಳು. ಕೆಲವರ ಹಿಂದೆ ದೊಡ್ಡ ಕಂಪನಿ ಇರುತ್ತದೆ; ತಾನು ಯಾರೆಂದು ಗೊತ್ತಾದರೆ ಬೆಲೆ ಏರುತ್ತದೆಂದು ದಲ್ಲಾಳಿಯನ್ನು ಮುಂದೆ ಬಿಟ್ಟಿರುತ್ತದೆ. ಅದರಲ್ಲಿ ಮೋಸವೇನೂ ಇಲ್ಲ, ಜಮೀನು ಕೊಳ್ಳುವವರೂ ಹಾಗೆ ಮಾಡುತ್ತಾರೆ. ಬರೆದವರ ಮೇಲ್ ವಿಳಾಸದ ಬಾಲ, ಅದೇ ಹೆಸರಿನ ಡಾಟ್ ಇನ್ ಯಾರಲ್ಲಿದೆ ಎಂಬುದು, ಆ ಹೆಸರಿನ ಕಂಪನಿ ಹೊಸದಾಗಿ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪಟ್ಟಿಯಲ್ಲಿ ಬಂದಿದೆಯೇ, ಟ್ರೇಡ್‌ಮಾರ್ಕ್ ಅರ್ಜಿ ಬಿದ್ದಿದೆಯೇ ಎಂಬುದು, ಇವಿಷ್ಟನ್ನೂ ಮನೆಯಲ್ಲಿ ಕೂತು ಅರ್ಧ ಗಂಟೆಯಲ್ಲಿ ನೋಡಬಹುದು. ನಾನು ಅಂದು ನೋಡಿದ್ದರೆ ಸಕಲೇಶಪುರದವರು ಹೇಳಿದ್ದಷ್ಟೂ ನಿಜ ಎಂದು ತಿಳಿಯುತ್ತಿತ್ತು.

ಇನ್ನು ಕೆಲವರು ನಮ್ಮಂತೆಯೇ ಹೆಸರು ಕೊಂಡು ಮಾರುವವರು. ಅವರು ಸಗಟು ಬೆಲೆ ಕೇಳುತ್ತಾರೆ. ಅವರಿಗೆ ನಮ್ಮ ಹೆಸರಿನ ಗುಣ ವಿವರಿಸಿ ಪ್ರಯೋಜನವಿಲ್ಲ, ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕೈ ಕಟ್ಟಿದಾಗ ಕೊಡುವುದು, ಇಲ್ಲದಿದ್ದರೆ ಇಲ್ಲ ಎನ್ನುವುದು, ಎರಡೇ ಸಾಲಿನ ಕೆಲಸ.

ಉತ್ತರದಲ್ಲಿ ಬೆಲೆ ಬರೆಯಬೇಕೋ, ಅಥವಾ ‘ನಿಮ್ಮ ಬೆಲೆ ಏರಿಸಿ’ ಎಂದಷ್ಟೇ ಹೇಳಿ ಕಾಯಬೇಕೋ ಎಂಬ ಬಗ್ಗೆ ಕಸುಬಿನವರಲ್ಲಿ ಮುಗಿಯದ ವಾದವಿದೆ. ನಾನು ಬೆಲೆ ಬರೆಯುವ ಪಕ್ಷದವನು. ಮನಶ್ಶಾಸ್ತ್ರಜ್ಞರಾದ ಏಮಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1974ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಒಂದು ಚಕ್ರ ತಿರುಗಿಸಿ, ಅದು 10ರಲ್ಲಿ ಅಥವಾ 65ರಲ್ಲಿ ಮಾತ್ರ ನಿಲ್ಲುವಂತೆ ಗುಟ್ಟಾಗಿ ಏರ್ಪಾಡು ಮಾಡಿ, ಆಮೇಲೆ ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡ ಎಷ್ಟು ಎಂದು ಜನರನ್ನು ಕೇಳಿದರು. 10 ಕಂಡವರ ಅಂದಾಜು 25ರ ಆಸುಪಾಸು, 65 ಕಂಡವರದು 45ರ ಆಸುಪಾಸು. ಪ್ರಶ್ನೆಗೂ ಚಕ್ರಕ್ಕೂ ಏನೂ ಸಂಬಂಧವಿಲ್ಲ; ಆದರೂ ಮೊದಲು ಕಂಡ ಅಂಕಿಯ ಸುತ್ತಲೇ ಮನಸ್ಸು ಓಡಾಡಿತು. 4,000 ಎಂಬುದಷ್ಟೇ ಮೇಜಿನ ಮೇಲೆ ಇದ್ದರೆ ‘ಏರಿಸಿ’ ಎಂದಾಗ 6,000 ಬರುತ್ತದೆ, ಮತ್ತೆ ಏರಿಸಿ ಎಂದರೆ 7,500. ಹತ್ತು ಮೇಲ್ ಬರೆದರೂ ಅಲ್ಲೇ ಸುತ್ತುತ್ತೇವೆ. ಎದುರಿಗೆ ಇನ್ನೊಂದು ಅಂಕಿ ಇಡಲೇಬೇಕು.

ಆ ಅಂಕಿಗೆ ಕಾರಣ ಇರಬೇಕು. ನನ್ನ ಮೂರು ಲಕ್ಷಕ್ಕೆ ಕಾರಣವಿರಲಿಲ್ಲ. ಕೋಪದಲ್ಲಿ ಬಾಯಿಗೆ ಬಂದ ಅಂಕಿ. ಹಿಂದಿನ ಮಾರಾಟಗಳ ದಾಖಲೆ ನೇಮ್‌ಬಯೋದಂಥ ತಾಣಗಳಲ್ಲಿ ಸಿಗುತ್ತದೆ. ಅದೇ ಬಗೆಯ, ಅದೇ ಉದ್ದದ ಹೆಸರುಗಳು ಎಷ್ಟಕ್ಕೆ ಹೋಗಿವೆ ಎಂದು ನೋಡಿದ ಮೇಲೆ ನನ್ನ ಕಾಫಿ ಹೆಸರಿಗೆ ಲಕ್ಷದೊಳಗಿನ ಬೆಲೆಯೇ ನ್ಯಾಯ ಎಂದು ಕಂಡಿತು. ಹಾಗೆ ಕಂಡದ್ದು ಕಹಿಯಾಗಿತ್ತು, ಒಪ್ಪಿಕೊಂಡೆ. ಈಗ ನಾನು ಬರೆಯುವ ಉತ್ತರ ಸುಮಾರು ಹೀಗಿರುತ್ತದೆ: ‘ನಮಸ್ಕಾರ. ಕೇಳಿ ಬರೆದದ್ದಕ್ಕೆ ಧನ್ಯವಾದ. ನೀವು ಹೇಳಿದ ಬೆಲೆಗೆ ಕೊಡಲಾಗುವುದಿಲ್ಲ. ನಾನು ಇಟ್ಟಿರುವ ಬೆಲೆ ಇಷ್ಟು; ಈ ತಿಂಗಳ ಕೊನೆಯವರೆಗೆ ಇದೇ ಇರುತ್ತದೆ. ಯಾವ ಕೆಲಸಕ್ಕೆ ಬೇಕೆಂದು ತಿಳಿಸಿದರೆ ದುಡ್ಡು ಕಟ್ಟುವುದರಲ್ಲಿ ಅನುಕೂಲ ಮಾಡಿಕೊಡಬಲ್ಲೆ.’ ನಿಮ್ಮ ಬೆಲೆ ನಗು ತರಿಸಿತು, ಇದರ ಬೆಲೆ ನಿಮಗೆ ಗೊತ್ತಿಲ್ಲ ಎಂಬಂಥ ಮಾತು ಒಂದೂ ಇರಬಾರದು. ಗೊತ್ತಿಲ್ಲದೇ ಇರುವುದು ಅವರ ತಪ್ಪಲ್ಲ. ಮನೆಯ ಬೆಲೆ, ಚಿನ್ನದ ಬೆಲೆ ಊರಿಗೆಲ್ಲ ಗೊತ್ತಿರುತ್ತದೆ. ಹೆಸರಿನ ಬೆಲೆ ತಿಳಿಯಲು ಸಾಮಾನ್ಯರಿಗೆ ದಾರಿಯೇ ಇಲ್ಲ.

ಇಳಿಯುವಾಗ ಚಿಕ್ಕಚಿಕ್ಕದಾಗಿ ಇಳಿಯಬೇಕು. ಒಂದೇ ಮೇಲ್‌ನಲ್ಲಿ 90,000ದಿಂದ 50,000ಕ್ಕೆ ಬಂದರೆ ಕೊಳ್ಳುವವರಿಗೆ ಸಂತೋಷವಾಗುವುದಿಲ್ಲ, ಅನುಮಾನ ಬರುತ್ತದೆ: ಇನ್ನೂ ಎಷ್ಟು ಇಳಿಯಬಹುದೋ ಎಂದು. ಇಳಿಸಿದ್ದಕ್ಕೆ ಪ್ರತಿಯಾಗಿ ಏನಾದರೂ ಕೇಳಬೇಕು. ಈ ವಾರವೇ ಕಟ್ಟಿದರೆ ಇಷ್ಟು, ಮಧ್ಯವರ್ತಿ ಶುಲ್ಕ ನೀವು ಹೊತ್ತರೆ ಇಷ್ಟು. ಮಾರಾಟ ತಾಣಗಳ ಕಮಿಷನ್ ಶೇಕಡ 10ರಿಂದ 25ರವರೆಗೂ ಇರುವುದರಿಂದ ನೇರ ವ್ಯವಹಾರದಲ್ಲಿ ಇಳಿಸಲು ನಿಜಕ್ಕೂ ಜಾಗವಿದೆ. ಚಿಕ್ಕ ವ್ಯಾಪಾರಿಗಳ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಕಂತು. ತಿಂಗಳಿಗೆ ಏಳು ಸಾವಿರ ಎಂದಾಗ, ಎಂಬತ್ತು ಸಾವಿರಕ್ಕೆ ಸಾಧ್ಯವೇ ಇಲ್ಲ ಎಂದವರೇ ಲೆಕ್ಕ ಹಾಕಲು ಕೂರುತ್ತಾರೆ. ಕೊನೆಯ ಕಂತು ಮುಗಿಯುವವರೆಗೆ ಹೆಸರು ಮಧ್ಯವರ್ತಿಯ ಬಳಿ ಇರುತ್ತದೆ, ಬಳಕೆ ಮೊದಲ ದಿನದಿಂದಲೇ ಕೊಳ್ಳುವವರದು.

ಇಲ್ಲ ಎನ್ನುವ ಶಕ್ತಿ ಮಾತಿನ ಚಾತುರ್ಯದಿಂದ ಬರುವುದಿಲ್ಲ, ಮಾರುವ ಅವಸರ ಇಲ್ಲದಿರುವುದರಿಂದ ಬರುತ್ತದೆ. ಫೇಸ್‌ಬುಕ್ 2005ರಲ್ಲಿ ತನ್ನ ಈಗಿನ ಹೆಸರಿಗೆ ಕೊಟ್ಟದ್ದು 2 ಲಕ್ಷ ಡಾಲರ್. ಐದು ವರ್ಷದ ಮೇಲೆ ಎಫ್‌ಬಿ ಡಾಟ್ ಕಾಮ್ ಎಂಬ ಎರಡಕ್ಷರಕ್ಕೆ 85 ಲಕ್ಷ ಡಾಲರ್ ಕೊಡಬೇಕಾಯಿತು. ಅದನ್ನು ಮಾರಿದವರು ಅಮೆರಿಕದ ರೈತರ ಸಂಘಟನೆ, ಅಮೆರಿಕನ್ ಫಾರ್ಮ್ ಬ್ಯೂರೊ. ಫಾರ್ಮ್ ಬ್ಯೂರೊದ ಮೊದಲಕ್ಷರಗಳೂ ಅವೇ; ಮಾರಲೇಬೇಕಾದ ಅಗತ್ಯ ಇರಲಿಲ್ಲ. ಟೆಸ್ಲಾ ಕಂಪನಿ ವರ್ಷಗಟ್ಟಲೆ ಟೆಸ್ಲಾಮೋಟರ್ಸ್ ಡಾಟ್ ಕಾಮ್ ಎಂದು ಓಡಾಡಿ, ಬರೀ ಟೆಸ್ಲಾ ಡಾಟ್ ಕಾಮ್ ಪಡೆದದ್ದು 2016ರಲ್ಲಿ. ಅದಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಕಾಲ, 1.1 ಕೋಟಿ ಡಾಲರ್ ಹಿಡಿಯಿತೆಂದು ಇಲಾನ್ ಮಸ್ಕ್ ಮುಂದೆ ಹೇಳಿದರು. 1992ರಿಂದ ಹೆಸರು ಇಟ್ಟುಕೊಂಡಿದ್ದವರಿಗೆ ಅವಸರವಿರಲಿಲ್ಲ.

ಉಜಿ ನಿಸ್ಸಾನ್ ಅವರದು ಬೇರೆಯೇ ದಾರಿ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಕಂಪ್ಯೂಟರ್ ವ್ಯಾಪಾರ ಮಾಡುತ್ತಿದ್ದ ಅವರು ತಮ್ಮ ಮನೆತನದ ಹೆಸರಿನಲ್ಲೇ 1994ರಲ್ಲಿ ನಿಸ್ಸಾನ್ ಡಾಟ್ ಕಾಮ್ ಪಡೆದಿದ್ದರು. 1999ರ ಡಿಸೆಂಬರ್‌ನಲ್ಲಿ ಕಾರು ಕಂಪನಿ 1 ಕೋಟಿ ಡಾಲರ್ ಪರಿಹಾರ ಕೇಳಿ ದಾವೆ ಹೂಡಿತು. ವರ್ಷಗಟ್ಟಲೆ ಹೋರಾಡಿ, ಅಪಾರ ಹಣ ಕಳೆದುಕೊಂಡು, ಹೆಸರನ್ನು ಉಳಿಸಿಕೊಂಡರು. 2020ರಲ್ಲಿ ಕೊರೊನಾದಿಂದ ತೀರಿಕೊಳ್ಳುವವರೆಗೂ ಅದು ಅವರದೇ ಆಗಿತ್ತು. ಮಾರಬಹುದಿತ್ತಲ್ಲ ಎಂದು ಕಸುಬಿನವರು ಅನ್ನುವುದುಂಟು. ಅಪ್ಪನಿಂದ ಬಂದ ಹೆಸರಿಗೆ ಆ ಪ್ರಶ್ನೆ ಹೊಂದುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಕಡಿಮೆ ಕೇಳುವವರಿಗಿಂತ ಹೆಚ್ಚು ಕೇಳುವವರಿಗೇ ಹೆದರಬೇಕು. ಕೇಳದೆಯೇ ಹತ್ತು ಲಕ್ಷ ಕೊಡುತ್ತೇನೆನ್ನುವವನು ಮೂರನೇ ಮೇಲ್‌ನಲ್ಲಿ ‘ಮೌಲ್ಯಮಾಪನ ಪ್ರಮಾಣಪತ್ರ’ ಬೇಕೆನ್ನುತ್ತಾನೆ, ಅದನ್ನು ಇಂಥ ತಾಣದಿಂದಲೇ ಪಡೆಯಿರಿ ಎನ್ನುತ್ತಾನೆ. ಆ ತಾಣ ಅವನದೇ. ಶುಲ್ಕ ಕಟ್ಟಿದ ಮೇಲೆ ಮನುಷ್ಯ ನಾಪತ್ತೆ. ಕೈಬದಲಿನ ಸಂಕೇತ, ಅಂದರೆ ಆಥ್ ಕೋಡ್, ದುಡ್ಡು ಎಸ್ಕ್ರೊ ಎಂಬ ಮಧ್ಯವರ್ತಿ ಸಂಸ್ಥೆಗೆ ಸೇರಿದೆ ಎಂದು ಖಚಿತವಾಗುವವರೆಗೆ ಯಾರಿಗೂ ಕೊಡಬಾರದು. ಹಾಗೆ ಖಚಿತಪಡಿಸಿಕೊಳ್ಳುವುದೂ ಬಂದ ಮೇಲ್‌ನ ಕೊಂಡಿ ಒತ್ತಿ ಅಲ್ಲ, ನಾವೇ ಆ ಸಂಸ್ಥೆಯ ವಿಳಾಸ ಬರೆದು ಒಳಹೋಗಿ.

ಕಳೆದ ತಿಂಗಳು ಅದೇ ಕಾಫಿ ಹೆಸರಿಗೆ ಮತ್ತೊಂದು ಮೇಲ್ ಬಂತು. ಮಡಿಕೇರಿ ಹತ್ತಿರ ಮನೆಯಲ್ಲೇ ಕಾಫಿ ಹುರಿದು ಮಾರುವ ಒಬ್ಬ ಹೆಣ್ಣುಮಗಳು. 6,000 ರೂಪಾಯಿ ಕೇಳಿದ್ದರು. ನಾನು ಆ ರಾತ್ರಿ ಉತ್ತರಿಸಲಿಲ್ಲ. ಅವರಿಗೆ ಈಗಿರುವ ಹೆಸರಿನಲ್ಲಿ ಎರಡು ಅಡ್ಡಗೆರೆಗಳಿವೆ. ಆ ವಿಳಾಸವನ್ನು ಬಾಯಲ್ಲಿ ಹೇಳಿ ನೋಡಿದೆ, ಕಷ್ಟವಾಯಿತು. ಬೆಳಿಗ್ಗೆ ಅದನ್ನೇ ಬರೆದೆ. 84,000 ರೂಪಾಯಿ, ಬೇಕಾದರೆ ತಿಂಗಳಿಗೆ 7,000ದಂತೆ ಹನ್ನೆರಡು ಕಂತು ಎಂದೆ. ನಾಲ್ಕು ದಿನ ಸುದ್ದಿಯಿಲ್ಲ. ಐದನೆಯ ದಿನ ಉತ್ತರ ಬಂತು. ಬೆಲೆಯ ವಿಷಯ ಎತ್ತಿರಲಿಲ್ಲ. ‘ಇದರ ಜೊತೆ ಮೇಲ್ ಐಡಿಯೂ ಬರುತ್ತದಾ ಸರ್? ಪೊಟ್ಟಣದ ಮೇಲೆ ಅದನ್ನೂ ಹಾಕಿಸಬೇಕು’ ಎಂದು ಕೇಳಿದ್ದರು. ಹೆಸರು ನಿಮ್ಮದಾದ ಮೇಲೆ ಅದರಲ್ಲಿ ಎಷ್ಟು ಐಡಿ ಬೇಕಾದರೂ ಮಾಡಿಕೊಳ್ಳಬಹುದು, ಹೇಗೆಂದು ನಾನೇ ತೋರಿಸಿಕೊಡುತ್ತೇನೆ ಎಂದು ಬರೆದಿದ್ದೇನೆ.